ಎಸಿ ಪಾಲಯ್ಯ ಮತ್ತು ಚಾಕಿ ಹುಳುವಿನ ವ್ಯಾನು

ಗ್ಯಾಸು ಸರಿಯಿದೆ. ಪೈಪು ಸೋರುತ್ತಿಲ್ಲ. ಫ್ಯಾನು ತಿರುಗುತ್ತಿದೆ. ಹಾಗಾದರೆ ತಾನು ನೋಡದೆ ಬಿಟ್ಟದ್ದು ಯಾವುದು? ಕೆಟ್ಟಿರುವುದು ಗಾಡಿಯೇ ಅಲ್ಲವೇನೋ. ಗಾಡಿಯಲ್ಲದಿದ್ದರೆ ಹೊಸದುರ್ಗದವರು ಆಡುವ ಮಾತೇ ನಿಜವಾಗಿಬಿಡುತ್ತದೆ. ಅದನ್ನು ಈ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳುವುದು?

ಬೆಳಗಿನ ಐದೂವರೆ. ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ ಡಿಸೆಂಬರಿನ ಮಂಜು ಬೀದಿ ದೀಪದ ಬುಡಕ್ಕೆ ಇಳಿದಿದೆ. ಹಳೆಯ ವ್ಯಾನಿನಲ್ಲಿ ಸೀಟು ಕಿತ್ತು ಮಾಡಿದ ಜಾಗದಲ್ಲಿ ಪಾಲಯ್ಯ ಮಂಡಿ ಮಡಚಿ ಕುಳಿತಿದ್ದಾರೆ. ಸುತ್ತಲೂ ಪ್ಲಾಸ್ಟಿಕ್ ಟ್ರೇಗಳ ಸಾಲು. ಟ್ರೇಗಳ ಮೈಗೆ ಒದ್ದೆ ಗೋಣಿತಾಟು. ಒಳಗೆ ಎಳೆಯ ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಾವಿರಾರು ರೇಷ್ಮೆ ಹುಳುಗಳು. ನಲವತ್ತೇಳು ವರ್ಷದ ಈ ಕಾರ್ ಎಸಿ ಮೆಕ್ಯಾನಿಕ್ ತಮ್ಮ ಶೆಡ್ಡಿಗೆ ಬೀಗ ಹಾಕಿ ಹೀಗೆ ಹುಳುಗಳ ಜೊತೆ ಹೊರಟಿರುವುದು ಇದೇ ಮೊದಲು.

ವ್ಯಾನು ಅನುಸೂಯಾ ಅವರದು. ಓಡಿಸುವುದು ಗಂಡ ಪ್ರಭುಲಿಂಗ. ಈಗ ಇಬ್ಬರೂ ಮುಂದಿನ ಸೀಟಿನಲ್ಲಿದ್ದಾರೆ. ಅನುಸೂಯಾ ನಡೆಸುವುದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಹುಳುವನ್ನು ಎರಡು ಜ್ವರ ದಾಟಿಸಿ, ಎಂದರೆ ಎರಡು ಸಲ ಪೊರೆ ಬಿಡುವವರೆಗೆ ಕೂಸಿನ ಹಾಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಕೆಲಸ. ಈ ವಯಸ್ಸಿನ ಹುಳುವಿಗೆ ಹದವಾದ ಬಿಸಿಯೂ ಬೇಕು, ಗಾಳಿಯಲ್ಲಿ ತೇವವೂ ಬೇಕು. ತೇವ ಆರಿದರೆ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ.

ಕಳೆದ ಮೂರು ಸಲವೂ ಹೊಸದುರ್ಗದ ಕಡೆಗೆ ಹೋದ ಹುಳು ಸೊರಗಿ ಇಳಿದಿವೆ. ಅದೇ ಮನೆಯಲ್ಲಿ, ಅದೇ ದಿನ ಸಾಕಿದ ಹುಳುವನ್ನು ಬೈಕಿಗೆ ಕಟ್ಟಿಕೊಂಡು ಹೋದ ಅಕ್ಕಪಕ್ಕದ ಊರಿನವರ ಬೆಳೆ ಚೆನ್ನಾಗಿದೆ. ಸುದ್ದಿ ಹೊಸದುರ್ಗಕ್ಕೆ ಮುಟ್ಟಿದೆ. ಒಳ್ಳೆಯದು ಹತ್ತಿರದವರಿಗೆ, ಉಳಿದದ್ದು ನಮಗೆ ಎಂದು ಅಲ್ಲಿನ ರೈತರು ಮಾತಾಡಿಕೊಳ್ಳುತ್ತಿದ್ದಾರೆ. ಅವರಲ್ಲಿ ಹಿರಿಯರಾದ ಜುಂಜಯ್ಯ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ಇದೊಂದು ಸಲ ತಗಂತೀವಿ ಕಣಮ್ಮ. ಇದೂ ಹಿಂಗೇ ಆದ್ರೆ ನಿನ್ನ ದಾರಿ ನಿನಗೆ, ನಮ್ಮ ದಾರಿ ನಮಗೆ."

ಆ ಫೋನು ಬಂದ ಮೇಲೆ ಅನುಸೂಯಾ ಸೀದಾ ಬಂದದ್ದು ಪಾಲಯ್ಯನವರ ಶೆಡ್ಡಿಗೆ. ತಮ್ಮ ಮನೆಗೂ ರೈತರ ಮನೆಗೂ ನಡುವೆ ಇರುವುದು ವ್ಯಾನು ಒಂದೇ, ಹಾಗಾಗಿ ದೋಷ ಅದರೊಳಗೇ ಇರಬೇಕು ಎಂಬುದು ಅವರ ವಾದ. ಪಾಲಯ್ಯ ಎರಡು ಸಲ ನೋಡಿದರು. ಏನೂ ಸಿಗಲಿಲ್ಲ. ಚಳಿಗಾಲದಲ್ಲಿ ಎಸಿಯನ್ನು ಮುಟ್ಟುವುದೇ ಇಲ್ಲ ಎಂದು ಪ್ರಭುಲಿಂಗ ಆಣೆ ಮಾಡಿದ. ಹಾಕದ ಎಸಿ ಹುಳುವನ್ನು ಹೇಗೆ ಕೊಂದೀತು? ಪಾಲಯ್ಯ ಕೊನೆಗೆ ಹೇಳಿದರು: "ನಾನೂ ಗಾಡ್ಯಾಗೆ ಬರ್ತೀನಿ. ಹುಳಕ್ಕೆ ಏನಾಗ್ತೈತೋ ನಂಗೂ ಅದೇ ಆಗ್ಲಿ."

ಅವರ ಕೆಲಸದ ರೀತಿಯೇ ಹಾಗೆ. ಹಿರಿಯೂರಿನ ಹೆದ್ದಾರಿಯಂಚಿನ ಅವರ ಶೆಡ್ಡಿಗೆ ಬೋರ್ಡಿಲ್ಲ. ಆದರೂ ಹೊಳಲ್ಕೆರೆ, ಚಿತ್ರದುರ್ಗದಿಂದ ಡ್ರೈವರುಗಳು "ಎಸಿ ಪಾಲಯ್ಯ" ಎಂದು ಕೇಳಿಕೊಂಡು ಬರುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಾಡಿ, ಚಳಿಗಾಲದಲ್ಲಿ ಮೂರೋ ನಾಲ್ಕೋ. ಬಂದ ಗಾಡಿಯ ಬಾನೆಟ್ಟನ್ನು ಅವರು ಮೊದಲೇ ಎತ್ತುವುದಿಲ್ಲ. ಡ್ರೈವರನ ಪಕ್ಕದಲ್ಲಿ ಕುಳಿತು, ದಿನಾ ಹೇಗೆ ಓಡಿಸುತ್ತೀಯೋ ಹಾಗೇ ಎರಡು ಕಿಲೋಮೀಟರ್ ಓಡಿಸು ಎನ್ನುತ್ತಾರೆ. ದಾರಿಯುದ್ದಕ್ಕೂ ಮಾತಿಲ್ಲ. ಅವರ ಕಣ್ಣು ರಸ್ತೆಯ ಮೇಲಲ್ಲ, ಡ್ರೈವರನ ಎಡಗೈ ಮೇಲೆ.

ಜವನಗೊಂಡನಹಳ್ಳಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು ಅವರು. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಎರಡು ವರ್ಷ ಅಪ್ಪ ಬೋರಣ್ಣನ ಜೊತೆ ಕುರಿ ಕಾಯ್ದರು. ಮೇಯದೆ ನಿಂತ ಕುರಿಯನ್ನು ಹಿಡಿಯುವ ಮೊದಲು ಅದು ಎಲ್ಲಿ ನಿಂತಿದೆ, ಏನು ಮೇದಿದೆ ಎಂದು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದ ಅಪ್ಪನಿಂದ ಕಲಿತದ್ದು ಇದು ಎನ್ನುತ್ತಾರೆ. ಆಮೇಲೆ ಚಿತ್ರದುರ್ಗದ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಪೈಪು ಬೆಸೆಯುವುದು, ಗ್ಯಾಸು ತುಂಬುವುದು ಕಲಿತರು. ಬೇಸಿಗೆಯ ಬಿಸಿಲಲ್ಲಿ ಕಾದ ಬಾನೆಟ್ಟಿನ ಕೆಳಗೆ ತಲೆಯಿಟ್ಟು ದುಡಿದದ್ದಕ್ಕೆ ಮುಂಗೈಗಳ ಮೇಲೆ ಸುಟ್ಟ ಗಾಯದ ಗೆರೆಗಳು ಉಳಿದಿವೆ.

"ಹತ್ತು ಗಾಡಿ ಬಂದ್ರೆ ನಾಕ್ರಾಗೆ ಏನೂ ಕೆಟ್ಟಿರಲ್ಲ. ಗುಂಡಿ ಎಲ್ಲಿರಬೇಕೋ ಅಲ್ಲಿರಲ್ಲ, ಅಷ್ಟೇ," ಎನ್ನುತ್ತಾರೆ. ಹೊಳಲ್ಕೆರೆಯ ಟ್ಯಾಕ್ಸಿಯೊಂದು ಮೇ ತಿಂಗಳಿಡೀ ತಂಪಾಗದೆ ಮೂರು ಗ್ಯಾರೇಜು ಸುತ್ತಿ ಬಂದಿತ್ತು. ಹೊರಗಿನ ಗಾಳಿಯನ್ನು ಒಳಗೆಳೆಯುವ ಕಡೆಗೆ ಅದರ ಸಣ್ಣ ಕಡ್ಡಿ ಸರಿದಿತ್ತು. ಕುದಿಯುವ ಗಾಳಿಯನ್ನು ತಂಪು ಮಾಡುವಷ್ಟರಲ್ಲಿ ಮತ್ತೆ ಕುದಿಯುವ ಗಾಳಿ. ಒಳಗಿನ ಗಾಳಿಯೇ ಸುತ್ತುವಂತೆ ಕಡ್ಡಿಯನ್ನು ಸರಿಸಿದ ಐದು ನಿಮಿಷಕ್ಕೆ ಡ್ರೈವರ್ ಕಾಲರಿನ ಗುಂಡಿ ಹಾಕಿಕೊಂಡನಂತೆ.

ಭೀಮಸಮುದ್ರದ ಅಡಿಕೆ ವ್ಯಾಪಾರಿ ತಿಪ್ಪೇರುದ್ರಪ್ಪನವರದು ತಂಪಿನ ಹದವನ್ನು ತಾನೇ ನೋಡಿಕೊಳ್ಳುವ ಹೊಸ ಕಾರು. ಆದರೂ ಉರಿಬಿಸಿಲಲ್ಲಿ ಫ್ಯಾನು ಮಂಕಾಗುತ್ತಿತ್ತು. ಮುಂದಿನ ಗಾಜಿನ ಕೆಳಗೆ ಬಿಸಿಲನ್ನು ಅಳೆಯುವ ಕಡಲೆಕಾಳಿನಷ್ಟು ಕಣ್ಣೊಂದು ಇರುತ್ತದೆ. ಹೊಸ ಕಾರಿಗೆ ಧೂಳು ಕೂರಬಾರದೆಂದು ಸಾಹುಕಾರರು ಅದರ ಮೇಲೆ ಟವೆಲ್ ಹಾಸಿದ್ದರು. ನೆರಳಲ್ಲಿದ್ದೇನೆ ಎಂದು ನಂಬಿದ ಕಾರು ಗಾಳಿಯನ್ನು ತಗ್ಗಿಸಿಕೊಂಡಿತ್ತು. ಪಾಲಯ್ಯ ಟವೆಲ್ ತೆಗೆದು, ಮಡಚಿ, ಅವರ ಹೆಗಲಿಗೇ ಹಾಕಿ ಕಳಿಸಿದರು.

ಹೆಂಡತಿ ಸಿದ್ದಕ್ಕನಿಗೆ ಇದರಲ್ಲಿ ನಂಬಿಕೆ ಕಡಿಮೆ. "ಕೈ ಮಸಿ ಆಗ್ದಂಗೆ ದುಡಿಯೋ ಮೆಕ್ಯಾನಿಕ್‌ನ ಈ ಜಿಲ್ಲೆಯಾಗೆ ನಾನೊಬ್ಬಳೇ ಕಟ್ಕಂಡಿರೋದು," ಎಂದು ಬಂದವರೆದುರೇ ಚುಚ್ಚುತ್ತಾಳೆ. ಪಾಲಯ್ಯ ನಗುತ್ತಾರೆ.

ಈಗ, ವ್ಯಾನಿನ ಹಿಂಬದಿಯ ಕತ್ತಲಲ್ಲಿ, ಅವರಿಗೆ ನಗು ಬರುತ್ತಿಲ್ಲ. ಹಿರಿಯೂರು ದಾಟಿ ಹೊಸದುರ್ಗದ ರಸ್ತೆ ಹಿಡಿದು ಇಪ್ಪತ್ತು ನಿಮಿಷವಾಗಿದೆ. ಒದ್ದೆ ಗೋಣಿತಾಟಿನ ತೇವಕ್ಕೆ ಮುಂದಿನ ಗಾಜು ಬೆಳ್ಳಗೆ ಮಂಜಾಗಿತ್ತು, ಈಗ ತಿಳಿಯಾಗಿದೆ. ಒಳಗೆ ಹಿತವಾದ ಬಿಸಿ. ಎಸಿಯ ಬಟನ್ನಿನ ಹಸಿರು ದೀಪ ಆರಿದೆ. ಧೂಳು ಬರಬಾರದೆಂದು ಗಾಳಿಯ ಕಡ್ಡಿಯೂ ಒಳಗಿನ ಕಡೆಗೇ ಇದೆ. ಎಲ್ಲವೂ ಸರಿ. ಆದರೆ ಅವರ ತುಟಿ ಒಣಗುತ್ತಿದೆ. ನಾಲಗೆಯಿಂದ ಸವರಿಕೊಳ್ಳುತ್ತಾರೆ. ಮತ್ತೆ ಒಣಗುತ್ತದೆ. ಕೈ ಚಾಚಿ ಪಕ್ಕದ ಗೋಣಿತಾಟನ್ನು ಮುಟ್ಟುತ್ತಾರೆ. ಬಬ್ಬೂರಿನಲ್ಲಿ ಹಿಂಡಿದರೆ ನೀರಿಳಿಯುತ್ತಿದ್ದ ತಾಟಿನ ಅಂಚು ಆಗಲೇ ಬಿರುಸಾಗಿದೆ.

ಗಾಡಿ ನಿಲ್ಲಿಸಪ್ಪಾ ಎನ್ನುತ್ತಾರೆ. ಎಂಜಿನ್ ಆಫ್ ಮಾಡಬೇಡ ಎಂದೂ ಹೇಳಿ, ಇಳಿದು, ರಸ್ತೆಯ ಪಕ್ಕದಲ್ಲಿ ಮೊಣಕಾಲೂರಿ ವ್ಯಾನಿನ ಕೆಳಗೆ ಮೊಬೈಲಿನ ಬೆಳಕು ಬಿಡುತ್ತಾರೆ. ಒಂದು ಹನಿ. ಸ್ವಲ್ಪ ತಡೆದು ಇನ್ನೊಂದು. ರಬ್ಬರ್ ನಳಿಗೆಯ ತುದಿಯಿಂದ ತಣ್ಣನೆಯ ಶುದ್ಧ ನೀರು ಟಾರಿನ ಮೇಲೆ ತೊಟ್ಟಿಕ್ಕುತ್ತಿದೆ.

ಆ ನಳಿಗೆಯಿಂದ ನೀರು ಬರಬೇಕಾದರೆ ಎಸಿ ಓಡುತ್ತಿರಬೇಕು. ಬೇರೆ ದಾರಿಯೇ ಇಲ್ಲ.

ಪಾಲಯ್ಯ ಎದ್ದು ಬಂದು ಡ್ರೈವರನ ಬಾಗಿಲಿನಿಂದ ಒಳಗೆ ಬಗ್ಗುತ್ತಾರೆ. ದೀಪ ಆರಿದೆ. ಬಿಸಿಯ ಗುಂಡಿ ಕೆಂಪು ಕಡೆಗಿದೆ. ಗಾಳಿ ಎತ್ತ ಬೀಸಬೇಕೆಂದು ಹೇಳುವ ಗುಂಡಿ ಮಾತ್ರ ಮುಂದಿನ ಗಾಜಿನ ಗುರುತಿನ ಮೇಲಿದೆ. ಅದನ್ನು ಮುಖದ ಗುರುತಿಗೆ ತಿರುಗಿಸುತ್ತಾರೆ. ಬಾನೆಟ್ಟಿನೊಳಗೆ "ಟಕ್" ಎಂದು ಏನೋ ಬಿಡುತ್ತದೆ, ಎಂಜಿನ್ನಿನ ಸದ್ದು ಹಗುರಾಗುತ್ತದೆ. ಮತ್ತೆ ಗಾಜಿಗೆ. ಟಕ್, ಸದ್ದು ಭಾರ. ಮುಖಕ್ಕೆ, ಗಾಜಿಗೆ, ಮುಖಕ್ಕೆ. ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ ಅವರು ತಿರುಗಿಸುತ್ತಲೇ ಇದ್ದಾರೆ. ಗಂಡ ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಾರೆ.

"ಬರ್ರಿ, ಕೆಳಗೆ ಬಂದು ಕಣ್ಣಾರೆ ನೋಡ್ರಿ," ಎಂದು ಅನುಸೂಯಾರನ್ನು ಇಳಿಸುತ್ತಾರೆ. "ಬೀಳ್ತಾ ಐತಲ್ಲ, ಅದು ನಿಮ್ಮ ಗೋಣಿತಾಟಿನ ನೀರು. ಮೂರು ಸಲ ಹುಳದ ಬಾಯಿಂದ ಕಿತ್ಕಂಡಿದ್ದು ಈ ನೀರೇ."

ಆಮೇಲೆ ಬಿಡಿಸಿ ಹೇಳುತ್ತಾರೆ. ಮಂಜಾದ ಗಾಜನ್ನು ಒಣಗಿಸಲು ಒಣ ಗಾಳಿ ಬೇಕು. ಗಾಳಿಯ ತೇವ ಹಿಂಡುವ ಯಂತ್ರ ಎಸಿಯೇ. ಆದ್ದರಿಂದ ಗುಂಡಿ ಗಾಜಿನ ಗುರುತಿಗೆ ಹೋದರೆ ಕೆಲವು ಗಾಡಿಗಳಲ್ಲಿ ಎಸಿ ಯಾರನ್ನೂ ಕೇಳದೆ ಶುರುವಾಗುತ್ತದೆ. ಬಟನ್ನಿನ ದೀಪ ಹತ್ತುವುದಿಲ್ಲ. ಪಕ್ಕದ ಗುಂಡಿ ಬಿಸಿಯ ಕಡೆಗಿದ್ದರೆ ಹಿಂಡಿದ ಗಾಳಿ ಬಿಸಿಯಾಗಿಯೇ ಹೊರಬರುತ್ತದೆ. ಚಳಿ ಅನ್ನಿಸದ ಮೇಲೆ ಎಸಿ ಎಂಬ ಅನುಮಾನ ಯಾರಿಗೆ ಬಂದೀತು? ಬೇರೆಯವರ ಗಾಡಿಯಲ್ಲಿ ಇದರಿಂದ ಕೆಡುಕಿಲ್ಲ. ಹುಳುವಿಗಾಗಿ ಒದ್ದೆ ತಾಟು ಸುತ್ತಿದ ಗಾಡಿಯಲ್ಲಿ ಮಾತ್ರ, ತಾಟು ಕೊಟ್ಟ ತೇವಕ್ಕೆ ಗಾಜು ಮಂಜಾಗಿ, ಗಾಜಿಗಾಗಿ ಗುಂಡಿ ತಿರುಗಿ, ಗುಂಡಿ ತಿರುಗಿದ್ದಕ್ಕೆ ತಾಟಿನ ತೇವವೇ ಬತ್ತುತ್ತದೆ. ಶೆಡ್ಡಿನಲ್ಲಿ ನೋಡಿದಾಗ ಟ್ರೇಯೂ ಇರಲಿಲ್ಲ, ತಾಟೂ ಇರಲಿಲ್ಲ. ಗಾಜು ಮಂಜಾಗಿರಲಿಲ್ಲ. ಪ್ರಭುಲಿಂಗನ ಕೈ ಆ ಗುಂಡಿಗೆ ಹೋಗಿರಲೇ ಇಲ್ಲ.

ಅನುಸೂಯಾ ಕೇಳಿಸಿಕೊಳ್ಳುತ್ತಾರೆ. ನಿಧಾನವಾಗಿ ಗಂಡನ ಕಡೆಗೆ ತಿರುಗುತ್ತಾರೆ.

"ಅದನ್ನ ಗಾಜಿಗೆ ಇಡು ಅಂತ ನಿಮಗೆ ಯಾರು ಹೇಳಿದ್ದು?"

ಪ್ರಭುಲಿಂಗ ಸ್ಟಿಯರಿಂಗ್ ನೋಡುತ್ತಾ ಕುಳಿತಿದ್ದಾನೆ. ಎಂಜಿನ್ ಓಡುತ್ತಿದೆ. ಮಂಜಿನೊಳಗಿಂದ ಹಾಲಿನ ವ್ಯಾನೊಂದು ಬಂದು, ದೀಪ ಬೀರಿ, ದಾಟಿ ಹೋಗುತ್ತದೆ. ಮೂರು ತಿಂಗಳು ಊರೂರಲ್ಲಿ ಕೇಳಿಸಿಕೊಂಡ ಮಾತೆಲ್ಲ ಆ ಹೆಣ್ಣುಮಗಳ ಮುಖದಲ್ಲಿ ಇದೆ.

"ನಾನೇ ಕಣಮ್ಮ," ಎನ್ನುತ್ತಾರೆ ಪಾಲಯ್ಯ. "ಮಳೆಗಾಲದಾಗೆ ನಿಮ್ಮ ಯಜಮಾನ್ರು ಶೆಡ್ಡಿಗೆ ಬಂದಿದ್ರಲ್ಲ, ಗಾಜು ಮಂಜಾಗ್ತೈತೆ ಅಂತ. ಅವತ್ತು ಗಾಜಿಗೆ ತಿರುಗಿಸು ಅಂದೋನು ನಾನೇ. ಹುಳ ತುಂಬ್ತೀರಿ ಅನ್ನೋದು ನನ್ನ ತಲೆಗೆ ಬರ್ಲಿಲ್ಲ."

ಅನುಸೂಯಾ ಬೈಯುತ್ತಾರೆ. ನಿಮ್ಮ ಹೆಸರು ನಂಬಿ ಬಂದೆವು, ಮೂರು ಬೆಳೆ ಹೋಯಿತು, ನನ್ನನ್ನು ಕಳ್ಳಿ ಅಂದರು ಎನ್ನುತ್ತಾರೆ. ಪಾಲಯ್ಯ ಬಾಟಲಿಯ ನೀರನ್ನು ತಾಟಿಗೆ ಚಿಮುಕಿಸುತ್ತಾರೆ. ಮುಂದಿನ ಸೀಟಿನ ಬೆನ್ನಿಗೆ ಪ್ಲಾಸ್ಟಿಕ್ ಹಾಳೆಯನ್ನು ಪರದೆಯಂತೆ ಇಳಿಬಿಟ್ಟು, ಹಿಂದಿನ ತೇವ ಗಾಜಿಗೆ ಬರದ ಹಾಗೆ ಕಟ್ಟುತ್ತಾರೆ. ಗುಂಡಿಯನ್ನು ಮುಖದ ಗುರುತಿಗೆ ಇಟ್ಟು, ಪ್ರಭುಲಿಂಗನ ಪಕ್ಕದ ಕಿಟಕಿಯನ್ನು ಎರಡು ಬೆರಳು ಇಳಿಸುತ್ತಾರೆ. ಮತ್ತೆ ಹುಳುಗಳ ನಡುವೆ ಹೋಗಿ ಕೂರುತ್ತಾರೆ.

ಹೊಸದುರ್ಗದ ಆಚೆಯ ಹಳ್ಳಿಯಲ್ಲಿ ಜುಂಜಯ್ಯ ಆರು ಮಂದಿ ರೈತರೊಡನೆ ಕಾದಿದ್ದಾರೆ. ಯಾರೂ ನಮಸ್ಕಾರ ಎನ್ನುವುದಿಲ್ಲ. ಜುಂಜಯ್ಯ ಮೇಲಿನ ಟ್ರೇ ಬಿಟ್ಟು, ತಳದಿಂದ ಒಂದನ್ನು ಎಳೆದು ಮುಚ್ಚಳ ತೆಗೆಯುತ್ತಾರೆ. ಸೊಪ್ಪು ಕೈಗೆ ತಣ್ಣಗೆ ಸಿಗುತ್ತದೆ. ಹೊಸ ಎಲೆಯೊಂದನ್ನು ಮೇಲಿಟ್ಟು ಎಲ್ಲರೂ ಬಗ್ಗಿ ನೋಡುತ್ತಾರೆ. ಒಂದು ತಲೆ ಮೇಲೇಳುತ್ತದೆ. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಟ್ರೇ ಜೀವ ಬಂದ ಹಾಗೆ ಅಲುಗಿ ಎಲೆಯ ಮೇಲೆ ಹರಿಯುತ್ತದೆ.

"ಲೇ, ಕಾಫಿಗೆ ಇಡ್ರಲೇ," ಎಂದು ಜುಂಜಯ್ಯ ಮನೆಯೊಳಗೆ ಕೂಗುತ್ತಾರೆ. ಆಮೇಲೆ ಅನುಸೂಯಾ ಕಡೆ ತಿರುಗಿ, "ಕುಂತ್ಕಳಮ್ಮ," ಎನ್ನುತ್ತಾರೆ.

ಅದಾದ ಮೇಲೆ ಎರಡು ಸಲ ಹುಳು ಹೊಸದುರ್ಗಕ್ಕೆ ಹೋಗಿವೆ. ಎರಡು ಸಲವೂ ಕ್ಷೇಮವಾಗಿ ಇಳಿದಿವೆ. ಆದರೆ ಹೊಸದುರ್ಗದ ಮೂರು ಬೆಳೆ ಕೆಡಿಸಿದ ಮೆಕ್ಯಾನಿಕ್ ಎಂದು ಕೆಲವರು ಪಾಲಯ್ಯನವರನ್ನು ಕೆಣಕುವುದುಂಟು. ಹೌದಪ್ಪ ಎಂದು ಅವರು ಕೆಲಸ ಮುಂದುವರಿಸುತ್ತಾರೆ. ಏನು ಆಸೆ ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆ: "ಗಾಡಿ ಜೊತೆ ಕೊಡೋ ಪುಸ್ತಕ ಕನ್ನಡದಾಗೆ ಇರ್ಬೇಕು. ದೀಪ ಆರಿದ್ರೂ ಎಸಿ ಓಡ್ತಿರಬೌದು ಅಂತ ಅದ್ರಾಗೆ ದಪ್ಪಕ್ಷರದಾಗೆ ಬರೀಬೇಕು."

ಉಳಿದದ್ದನ್ನು ಪ್ರಭುಲಿಂಗ ಸಂಕ್ರಾಂತಿ ಕಳೆದ ಮೇಲೆ ತಾನಾಗಿಯೇ ಹೆಂಡತಿಗೆ ಹೇಳಿದ. ಈಗ ಕೇಳಿದವರಿಗೆಲ್ಲ ಹೇಳುತ್ತಾನೆ. ಮಳೆಗಾಲದ ಆ ದಿನ ಶೆಡ್ಡಿನಲ್ಲಿ ಪಾಲಯ್ಯ ಅವನಿಗೆ ಹೇಳಿಕೊಟ್ಟದ್ದು ಎರಡು ಮಾತು. ಮಂಜಾದರೆ ಗುಂಡಿಯನ್ನು ಗಾಜಿಗೆ ತಿರುಗಿಸು ಎಂಬುದು ಒಂದು. ತಿಳಿಯಾದ ಕೂಡಲೇ ವಾಪಸ್ ತಿರುಗಿಸು, ಮರೆಯಬೇಡ ಎಂಬುದು ಇನ್ನೊಂದು. ಆ ಎರಡನೆಯ ಮಾತನ್ನು ಪಾಲಯ್ಯ ಅಂದು ರಸ್ತೆಯ ಬದಿಯಲ್ಲೂ ಹೇಳಲಿಲ್ಲ, ಜುಂಜಯ್ಯನವರ ಅಂಗಳದಲ್ಲೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.