ತಲೆಹೊರೆಗೆ ಪಾಸು ಬೇಡ

ಆ ಮಾತನ್ನು ನಾನು ಹೇಗೆ ಆಡಿದೆ ಎಂಬುದು ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ಬರೀ ಶಂಕೆ: "ಮಕ್ಕಳಿಗೆ ಕೊಟ್ಟ ರೊಕ್ಕಕ್ಕೂ ಸರಕಾರ ತೆರಿಗಿ ಹಾಕಬಹುದು, ಅಪ್ಪಾ." ಅಕ್ಕನ ನೆನಪಿನಲ್ಲಿ ಅದು ತೀರ್ಪು: "ತೆರಿಗಿ ಬೀಳತೈತಿ. ಕಾಯ್ದೆ ಆಗೇತಿ. ನಾ ಓದೇನಿ." ಅದನ್ನು ಹೇಳುವಾಗ ಅವಳು ನನ್ನ ದನಿಯನ್ನೂ ಅಣಕಿಸುತ್ತಾಳೆ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಬೆರಳಿನಿಂದ ಏರಿಸಿಕೊಳ್ಳುತ್ತಾಳೆ. ಆಗ ನನಗೆ ಕನ್ನಡಕ ಇರಲಿಲ್ಲ. ಇಷ್ಟನ್ನಾದರೂ ಅವಳ ವಿರುದ್ಧ ಹೇಳಬಲ್ಲೆ. ಆದರೆ ಕನ್ನಡಕ ಇರಲಿಲ್ಲ ಎಂದ ಮಾತ್ರಕ್ಕೆ ಮಾತೂ ಇರಲಿಲ್ಲ ಎಂದಾಗುವುದಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷವೋ ಮೂರು ವರ್ಷವೋ ಆಗಿತ್ತು. ಪೆಟ್ರೋಲು ಸಿಗದೆ ಹಳಿಯಾಳದ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು, ಹಾಗಾಗಿ ಮೂರೇ ಇರಬೇಕು. ಅಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದು ಆ ವರ್ಷವೇ ನಿವೃತ್ತನಾಗಿದ್ದ. ತಿಂಗಳಿಗೆ ಸಣ್ಣ ಪಿಂಚಣಿ, ಮತ್ತೆ ಕೈಗೆ ಒಮ್ಮೆಲೇ ಬಂದ ಫಂಡಿನ ರೊಕ್ಕ. ಪ್ರತಿ ಸಂಬಳದಿಂದ ಸ್ವಲ್ಪ ಸ್ವಲ್ಪ ಹಿಡಿದು ಕೂಡಿಸಿದ ಆ ಹಣವನ್ನು ಅವನು ಹಳಿಯಾಳದ ಪೋಸ್ಟಿನಲ್ಲಿ ಇಟ್ಟಿದ್ದ. ಅದು ಎಷ್ಟಿತ್ತು ಎಂದು ನಮಗೆ ಯಾರಿಗೂ ಹೇಳಿರಲಿಲ್ಲ. ಆದರೆ ಯಾರಿಗೆ ಎಂದು ಹೇಳಿದ್ದ.

"ನಿನಗ ಓದಸೇನಿ," ಎಂದಿದ್ದ ನನಗೆ. "ಆಕಿಗೆ ನಾ ಏನ ಕೊಟ್ಟೇನಿ? ಎರಡು ಸೀರಿ, ಒಂದು ಹಂಡೆ. ಇದು ಆಕಿದು."

ಅಕ್ಕನನ್ನು ಮುಂಡಗೋಡ ತಾಲ್ಲೂಕಿನ ಸನವಳ್ಳಿಗೆ ಕೊಟ್ಟಿತ್ತು. ಭಾವ ಗಾಡಿ ಹೊಡೆಯುತ್ತಿದ್ದ. ಒಂದು ಮಳೆಗಾಲದಲ್ಲಿ ಭತ್ತದ ಚೀಲ ತುಂಬಿದ ಗಾಡಿ ಇಳಿಜಾರಿನಲ್ಲಿ ಮಗುಚಿ ಅವನ ಕಾಲಿನ ಮೇಲೆ ಬಿತ್ತು. ಆಮೇಲೆ ಅವನು ಕೋಲು ಹಿಡಿದು ಹಿತ್ತಿಲ ತನಕ ಹೋಗಿ ಬರುತ್ತಿದ್ದ, ಅಷ್ಟೇ. ಸನವಳ್ಳಿಯ ಸುತ್ತ ಎಲ್ಲ ಭತ್ತದ ಗದ್ದೆ, ಹೆಂಗಸರು ಒನಕೆಯಲ್ಲಿ ಕುಟ್ಟಿ ಕುಟ್ಟಿ ಅಂಗೈ ಗಟ್ಟಿ ಮಾಡಿಕೊಂಡಿದ್ದರು. ಮುಂಡಗೋಡದಲ್ಲಿ ಒಂದು ಅಕ್ಕಿ ಗಿರಣಿ ಹಾಕಿದರೆ ಕೂತು ಉಣ್ಣಬಹುದು ಎಂದು ಅಕ್ಕ ಲೆಕ್ಕ ಹಾಕಿದಳು. ಕೂತು ಉಣ್ಣುವವಳು ಅವಳಲ್ಲ, ಭಾವ. ಎಂಜಿನ್ ನಡೆಸುವವಳು ತಾನೇ ಎಂದು ಅವಳು ಮೊದಲೇ ನಿಶ್ಚಯಿಸಿದ್ದಳು.

ಎಂಜಿನ್ನೂ ಸಿಕ್ಕಿತ್ತು. ಹಳಿಯಾಳದಲ್ಲಿ ಬಸ್ಸು, ಪಂಪು, ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ಕಟ್ಟುವ ಒಬ್ಬ ಮುಸಲ್ಮಾನ ಮೇಸ್ತ್ರಿ ಇದ್ದ. ಅವನ ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಎಣ್ಣೆ ಎಂಜಿನ್ನು, ಅದರ ಜೊತೆ ಭತ್ತ ಸುಲಿಯುವ ಹಲ್ಲರು. ಯುದ್ಧದ ದೆಸೆಯಿಂದ ಹೊಸ ಯಂತ್ರ ಬರುವುದೇ ನಿಂತಿತ್ತು. "ಅಕ್ಕಾ ಬಾಯಿ, ಅಮಾಸಿ ತನಕ ನಾ ತಡೀತೇನಿ," ಎಂದಿದ್ದ ಮೇಸ್ತ್ರಿ. "ಅಳ್ನಾವರದಾಂವ ಒಬ್ಬ ದಿನಾ ಬಂದು ಅದರ ಬೆನ್ನ ಸವರಿ ಹೋಗತಾನ. ಅಮಾಸಿ ಆದಮ್ಯಾಲ ನನ್ನ ಕೇಳಬ್ಯಾಡ್ರಿ."

ಅಮಾವಾಸ್ಯೆಗೆ ಇನ್ನೂ ಹದಿನೆಂಟೋ ಇಪ್ಪತ್ತೋ ದಿನ ಇದ್ದಾಗ ಅಕ್ಕ ದಾಂಡೇಲಿಗೆ ಬಂದಳು. ಊಟಕ್ಕೆ ಕೂತಾಗ ಅಪ್ಪ "ನಾಳೆ ಹಳಿಯಾಳಕ್ಕ ಹೋಗೂಣು, ರೊಕ್ಕ ತಕ್ಕೊಡತೇನಿ" ಎಂದ. ಆಗ ನಾನು ಆ ಮಾತು ಆಡಿದೆ. ಆಡಿದೆ ಎಂಬುದರಲ್ಲಿ ಸಂಶಯವಿಲ್ಲ, ಧಾಟಿಯಲ್ಲಿ ಮಾತ್ರ ಸಂಶಯ.

ಧಾರವಾಡದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದು ನಾನು ಮನೆಯಲ್ಲಿದ್ದೆ. ಪತ್ರಿಕೆಯಲ್ಲೋ ಯಾರದೋ ಕೋಣೆಯಲ್ಲಿ ಬಿದ್ದ ಪುಸ್ತಕದಲ್ಲೋ ಆದಾಯ ತೆರಿಗೆಯ ಬಗ್ಗೆ ಏನೋ ಓದಿದ್ದೆ. ಜನ ತೆರಿಗೆ ತಪ್ಪಿಸಲು ಆಸ್ತಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡುತ್ತಾರೆ, ಅದಕ್ಕೆ ಸರಕಾರ ಒಂದು ಕಲಮು ತಂದು ಆ ಉತ್ಪನ್ನವನ್ನು ಕೊಟ್ಟವನ ತಲೆಗೇ ಕಟ್ಟುತ್ತದೆ ಎಂದು. ಓದಿದ್ದು ಅರ್ಧ, ನೆನಪಿದ್ದುದು ಅದರಲ್ಲಿ ಅರ್ಧ. ಆದರೆ ನನ್ನ ಹತ್ತಿರ ಬಿ.ಎ. ಇತ್ತು. ಇನ್ನೊಂದು ವಿಷಯವನ್ನೂ ಇಲ್ಲಿ ಬರೆಯಬೇಕು: ನನಗೆ ಬೆಳಗಾವಿಗೆ ಹೋಗಿ ಲಾ ಓದುವ ಮನಸ್ಸಿತ್ತು. ಅದಕ್ಕೆ ಬೇಕಾದ ಹಣ ಲೋಕದಲ್ಲಿ ಒಂದೇ ಕಡೆ ಇತ್ತು, ಹಳಿಯಾಳದ ಪೋಸ್ಟಿನಲ್ಲಿ.

ಅಪ್ಪ ತುತ್ತು ಕೆಳಗಿಟ್ಟ. "ಹಂಗಾದ್ರ ಮೊದಲ ಪಾಸ್ ತಗೋಬೇಕಾತು," ಎಂದ.

"ಯಾತರ ಪಾಸು?" ಎಂದಳು ಅಕ್ಕ.

"ರೊಕ್ಕ ದಾಟಸಾಕ."

ಇದನ್ನು ತಮಾಷೆ ಎಂದುಕೊಂಡು ಅವಳು ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಮೂವತ್ತು ವರ್ಷ ಅವನು ಮಾಡಿದ ಕೆಲಸ ಅದೊಂದೇ. ಕಾಡಿನಿಂದ ಬಂದ ತೇಗದ ದಿಮ್ಮಿಗೆ ಡಿಪೋದಲ್ಲಿ ಸುತ್ತಿಗೆಯ ಗುರುತು ಬೀಳಬೇಕು, ಸುಂಕ ಕಟ್ಟಿರಬೇಕು, ಪಾಸು ಬರೆದಿರಬೇಕು. ಎಲ್ಲಿಂದ, ಎಲ್ಲಿಗೆ, ಯಾವ ಜಾತಿ, ಎಷ್ಟು ತುಂಡು, ಯಾವ ದಿನದ ತನಕ. ಪಾಸಿಲ್ಲದ ದಿಮ್ಮಿ ದಾರಿಯ ತಪಾಸಣೆ ಕಟ್ಟೆಯಾದ ನಾಕಾದಲ್ಲಿ ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ, ಎತ್ತೂ ಜಪ್ತಿ. ಸ್ವಂತ ಹೊಲದ ತೇಗವನ್ನು ಕಡಿದು ಸ್ವಂತ ಮನೆಗೆ ತೊಲೆ ಮಾಡಿಸಿದವರೂ ಅವನ ಮೇಜಿನ ಮುಂದೆ ಟೊಪ್ಪಿಗೆ ತೆಗೆದು ನಿಂತದ್ದನ್ನು ನಾನು ಕಂಡಿದ್ದೇನೆ. ಸ್ವಂತದ್ದು ಎಂಬುದು ಅವನಿಗೆ ಒಂದು ವಾದವೇ ಆಗಿರಲಿಲ್ಲ. ತೆರಿಗೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅವನಿಗೆ ನಾಕಾ ಕಂಡಿತು.

ಮರುದಿನ ಅಪ್ಪ ಹಳಿಯಾಳದ ಮಾಮಲೇದಾರ ಕಚೇರಿಗೆ ಹೋದ. ನಾನೂ ಜೊತೆಗಿದ್ದೆ ಎಂದು ನನಗೆ ಅನ್ನಿಸುತ್ತದೆ. ಅಪ್ಪ ಸಂಜೆ ಬಂದು ಹೇಳಿದ್ದನ್ನೇ ನಾನು ಕಂಡಂತೆ ಇಟ್ಟುಕೊಂಡಿದ್ದರೂ ಇರಬಹುದು. ಕಿಟಕಿಯ ಪಕ್ಕದ ಕಾರಕೂನ ಎಲೆ ಅಡಿಕೆ ಜಗಿಯುತ್ತ ಕೇಳಿದನಂತೆ.

"ಮಗಳಿಗೆ ರೊಕ್ಕ ಕೊಡಾಕ ಪರವಾನಗಿ ಬೇಕಾ? ಯಾವ ಕಾಯ್ದೆದಾಗ ಐತ್ರಿ ಅದು?"

"ನನ್ನ ಮಗ ಹೇಳತಾನ್ರಿ. ಬಿ.ಎ. ಆಗ್ಯಾನ."

ಕಾರಕೂನ ಜಗಿಯುವುದನ್ನು ನಿಲ್ಲಿಸಿದ. "ಬಿ.ಎ. ಹೇಳ್ಯಾರ ಅಂದ್ರ ಇರಬೇಕು ಬಿಡ್ರಿ. ಅರ್ಜಿ ಕೊಟ್ಟು ಹೋಗ್ರಿ. ಮ್ಯಾಲ ಕಳಸತೇವಿ."

ಅಪ್ಪ ಅರ್ಜಿ ಬರೆದ. ಅದರ ನಕಲು ಬಹಳ ದಿನ ನಮ್ಮ ಮನೆಯಲ್ಲಿತ್ತು. ಎಲ್ಲಿಂದ: ದಾಂಡೇಲಿ. ಎಲ್ಲಿಗೆ: ಸನವಳ್ಳಿ, ಪೇಟೆ ಮುಂಡಗೋಡ. ಸರಕಿನ ಜಾತಿ: ಫಂಡಿನ ರೊಕ್ಕ. ಮಾಲೀಕ: ತಂದೆ. ಪಡೆಯುವವರು: ಮಗಳು, ವಯಸ್ಕಳು. ಕೆಳಗೆ, ಯಾವ ಸುಂಕ ಬೀಳುತ್ತದೋ ತಿಳಿಸಿದರೆ ಕಟ್ಟಲು ತಯಾರು ಎಂದು.

ಅಪ್ಪ ವಾರಕ್ಕೆ ಎರಡು ಮೂರು ಸಲ ಹೋಗಿ ಕೇಳಿ ಬಂದರೂ ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಇಲ್ಲದ ಸುಂಕವನ್ನು ವಸೂಲು ಮಾಡುವ ಮೇಜು ಯಾವ ಕಚೇರಿಯಲ್ಲೂ ಇರುವುದಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ, ನಿಲ್ಲಲು ಜಾಗ ಸಿಗದೆ. ಈಗ ಇದನ್ನು ಜಾಣತನದಿಂದ ಬರೆಯುತ್ತಿದ್ದೇನೆ. ಆಗ ನಾನು ದಿನಕ್ಕೆ ಎರಡು ಸಲ ರೈಲ್ವೆ ಸ್ಟೇಶನ್ನಿನ ತನಕ ನಡೆದು ಹೋಗಿ, ಏನೂ ಮಾಡದೆ ತಿರುಗಿ ಬರುತ್ತಿದ್ದೆ. ಅಳ್ನಾವರದ ಗಾಡಿ ಅಲ್ಲಿ ನಿಂತಿರುತ್ತಿತ್ತು. ಹತ್ತಿದ್ದರೆ ಅವತ್ತೇ ಧಾರವಾಡ ಸೇರಿ ಯಾವುದಾದರೂ ವಕೀಲರ ಕಪಾಟಿನಲ್ಲಿ ಆ ಪುಸ್ತಕ ತೆಗೆದು ನೋಡಬಹುದಿತ್ತು. ಇದು ನನಗೆ ಹೊಳೆದಿತ್ತು. ಹೊಳೆದಿತ್ತು ಎಂಬುದರಲ್ಲಿ, ದುರ್ದೈವದಿಂದ, ನನ್ನ ನೆನಪು ಸ್ಪಷ್ಟವಾಗಿದೆ. ಟಿಕೀಟಿನ ಹಣವೂ ಜೇಬಿನಲ್ಲಿತ್ತು.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಅಕ್ಕ ಮತ್ತೆ ಬಂದಳು. ಸೀರೆಯ ಮೇಲೆಲ್ಲ ಇದ್ದಿಲ ಬಸ್ಸಿನ ಕರಿ. ಒಳಗೆ ಬಂದವಳೇ ನನ್ನನ್ನು ನೋಡಿ, "ಏನಪಾ ಬಿ.ಎ. ಸಾಹೇಬಾ, ನಿನ್ನ ಸರಕಾರ ಏನಂತು?" ಎಂದಳು.

"ನನ್ನ ಸರಕಾರ ಅಲ್ಲವ್ವಾ ಅದು."

"ಮತ್ತ ಅದರ ಪರವಾಗಿ ನೀ ಯಾಕ ಮಾತಾಡತಿ?"

ಅಪ್ಪ ನಡುವೆ ಬಾಯಿ ಹಾಕಿ, "ನಾಳೆ ಮತ್ತೊಮ್ಮೆ ಕಚೇರಿಗೆ ಹೋಗಿ ಕೇಳೂಣು," ಎಂದ. ಅಕ್ಕ ಅವನನ್ನೂ ಬಿಡಲಿಲ್ಲ. "ಅಪ್ಪಾ, ಅವರು ಮುಂದಿನ ವರ್ಷ ಹೂಂ ಅಂತಾರ. ಅಷ್ಟರಾಗ ಅಳ್ನಾವರದಾಗ ಆ ಎಂಜಿನ್ನಿಗೆ ಮೊಮ್ಮಕ್ಕಳು ಆಗಿರತಾವ." ಅಪ್ಪ ನಕ್ಕ, ಆದರೆ ಒಪ್ಪಲಿಲ್ಲ. ಮಗಳ ಮೇಲೆ ಮುಂದೆ ಯಾರಾದರೂ ಜಪ್ತಿ ತಂದರೆ? ಅವನ ಹೆದರಿಕೆ ತನ್ನ ಸಲುವಾಗಿ ಅಲ್ಲ. ಅದನ್ನು ಅರ್ಥ ಮಾಡಿಕೊಳ್ಳದೆ ಇರುವಷ್ಟು ದಡ್ಡ ನಾನಾಗಿರಲಿಲ್ಲ. ಆದರೂ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ದಾಂಡೇಲಿ ದಾಟಿದ ಮೇಲೆ ನಾಕಾದಲ್ಲಿ ಬಸ್ಸು ನಿಲ್ಲುತ್ತದೆ. ಡ್ರೈವರ್ ಇಳಿದು ಹಿಂದಿನ ಉರುಟು ಒಲೆಯಲ್ಲಿ ಇದ್ದಿಲು ಕೆದಕುತ್ತಿದ್ದ, ನಾವು ಹೊಗೆ ತಪ್ಪಿಸಿಕೊಂಡು ಹುಣಸೆ ಮರದ ಕೆಳಗೆ ನಿಂತೆವು. ನಾಕಾದ ಗಾರ್ಡು ಜೋಯಿಡಾ ಕಡೆಯ ಸಿದ್ದಿ. ಅಪ್ಪನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಅಪ್ಪ ಬರೆದ ಪಾಸುಗಳನ್ನು ನೋಡಿ ನಾಕಾದ ಅಡ್ಡಗಂಬ ಎತ್ತಿದವನು.

"ಕಾರಕೂನ ಸಾಹೇಬ್ರ, ವಾರಕ್ಕ ಮೂರು ಸಲ ಹಳಿಯಾಳ? ಅಲ್ಲೇನ್ ಹೊಸಾ ನೌಕರಿ ಹಿಡದೀರೇನು?"

ಅಪ್ಪ ವಿಷಯ ಹೇಳಿದ. ಗಾರ್ಡು ಪೂರ್ತಿ ಕೇಳಿದ. ಅಷ್ಟರಲ್ಲಿ ಕಾಡಿನ ಹಾದಿಯಿಂದ ನಾಲ್ಕೈದು ಹೆಂಗಸರು ತಲೆಯ ಮೇಲೆ ಒಣಕಟ್ಟಿಗೆಯ ಹೊರೆ ಹೊತ್ತು ಬಂದರು. ಕಂಬದ ಪಕ್ಕದಿಂದ ಸರಿದು, ಗಾರ್ಡಿನ ಕಡೆ ತಿರುಗಿಯೂ ನೋಡದೆ ದಾಟಿ ಹೋದರು. ಗಾರ್ಡು ಗದ್ದದಿಂದ ಅವರನ್ನು ತೋರಿಸಿದ.

"ಇವರಿಗೆ ನೀವು ಎಂದಾರ ಪಾಸ್ ಬರದೀರೇನ್ರಿ?"

"ತಲಿಹೊರಿಗೆ ಪಾಸ್ ಎಲ್ಲಿಂದು? ಅದು ಒಲಿಗೆ ಹೋಗೂದು," ಎಂದ ಅಪ್ಪ, ಹೊಸ ಗುಮಾಸ್ತನಿಗೆ ಪಾಠ ಹೇಳುವವನಂತೆ. "ಗಾಡಿ ಮ್ಯಾಲ ಹೇರಿ ಪ್ಯಾಟಿಗೆ ಮಾರಾಕ ಒಯ್ದರ ಪಾಸು."

"ಮತ್ತ ಈ ಬಾಯಿ ಏನ ಪ್ಯಾಟಿನ್ರಿ? ನಿಮ್ಮ ಮನಿ ಒಲಿನ ಅಲ್ಲ?" ಎಂದ ಗಾರ್ಡು, ಅಕ್ಕನ ಕಡೆ ಕೈ ಮಾಡಿ.

ಅಕ್ಕ ನನ್ನ ಕಡೆ ನೋಡಿದಳು ಎಂದು ಅವಳು ಹೇಳುತ್ತಾಳೆ. ನಾನು ಆ ಹೆಂಗಸರ ಬೆನ್ನನ್ನು ನೋಡುತ್ತಿದ್ದೆ, ಹಾಗಾಗಿ ಗೊತ್ತಿಲ್ಲ. "ಅಪ್ಪಾ, ನಾ ಅದನ್ನ ಪೂರಾ ಓದಿಲ್ಲ," ಎಂದು ನಾನು ಅಲ್ಲಿ, ಆಗ, ಹೇಳಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅಕ್ಕನನ್ನು ಕೇಳಿದರೆ, "ನೀ ಏನೂ ಅನ್ನಲಿಲ್ಲ. ಹೊಗಿ ಕುಡದು ಕೆಮ್ಮಿದಿ," ಎನ್ನುತ್ತಾಳೆ. ಅವಳದೇ ನಿಜವಿರಬೇಕು. ನನಗೆ ಅನುಕೂಲವಾದ ನೆನಪುಗಳನ್ನು ನಾನು ಈಚೆಗೆ ನಂಬುವುದಿಲ್ಲ.

ಹಳಿಯಾಳದಲ್ಲಿ ಇಳಿದ ಮೇಲೆ ಕಚೇರಿಯ ಕಡೆ ಹೋಗಬೇಕಾದ ಅಪ್ಪ ಪೋಸ್ಟಿನ ಕಡೆ ನಡೆದ. ಬಹಳ ಹೊತ್ತಿನ ಮೇಲೆ ಒಂದು ಕೆಂಪು ಪಂಚೆಯ ಗಂಟು ಹಿಡಿದು ಹೊರಗೆ ಬಂದ, ಅದನ್ನು ಅಕ್ಕನ ಕೈಗೆ ಕೊಡಲಿಲ್ಲ. ಅವಳ ತಲೆಯ ಮೇಲೆ ಇಟ್ಟ. "ಹೊತಗೊಂಡು ನಡಿ," ಎಂದ. ಅವಳು ಸಂತೆಯ ರಸ್ತೆಯಲ್ಲಿ ಗಂಟನ್ನು ತಲೆಯ ಮೇಲೆ ಒಂದು ಕೈಯಿಂದ ಹಿಡಿದುಕೊಂಡು ನಡೆದಳು, ಒಂದು ಕಡೆ ನಗುತ್ತ, ಒಂದು ಕಡೆ ಬೈಯುತ್ತ: "ಎಲ್ಲಾರೂ ನೋಡಾಕತ್ತಾರ, ಅಪ್ಪಾ, ಕಳ್ಳರೂ ನೋಡತಾರ!"

ಮೇಸ್ತ್ರಿಯ ಶೆಡ್ಡಿನಲ್ಲಿ ಅಳ್ನಾವರದವನು ನಮಗಿಂತ ಮೊದಲೇ ಬಂದು ಕೂತಿದ್ದ. ಮೇಸ್ತ್ರಿ ಎಂಜಿನ್ನಿನ ಚಕ್ರ ತಿರುಗಿಸುತ್ತಿದ್ದ, ಅದು ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. "ಮುಂಜಾನಿಂದ ಹಿಂಗ ಮಾಡಾಕತ್ತೈತ್ರಿ, ಹಟಮಾರಿ," ಎಂದು ಬೆವರು ಒರೆಸಿಕೊಂಡ. ಅಳ್ನಾವರದವನು ಮುಖ ಕಿವಿಚಿ, ಕೆಟ್ಟ ಮಾಲು ಎಂದು ಗೊಣಗಿ ಎದ್ದು ಹೋದ. ಅವನು ಓಣಿ ತಿರುಗಿದ ಮೇಲೆ ಮೇಸ್ತ್ರಿ ಅಂಗಿಯ ಜೇಬಿನಿಂದ ತಾನೇ ಬಿಚ್ಚಿಟ್ಟಿದ್ದ, ಎಣ್ಣೆ ಚಿಮ್ಮಿಸುವ ಒಂದು ಹಿತ್ತಾಳೆಯ ತುಂಡು ತೆಗೆದು ಎಂಜಿನ್ನಿಗೆ ಕೂಡಿಸಿದ. "ಅಮಾಸಿ ನಾಳೆ ಐತಿ, ಅಕ್ಕಾ ಬಾಯಿ. ನಾಳೆ ತನಕ ಅಂದಿದ್ದೆ, ನಾಳೆ ತನಕ." ಅಕ್ಕ ಗಂಟನ್ನು ಕೆಳಗಿಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಕ್ರದ ಹಿಡಿ ತಾನೇ ಹಿಡಿದಳು. ಎರಡನೆಯ ಸಲಕ್ಕೆ ಹತ್ತಿತು. ಮೂರನೆಯದಕ್ಕೆ ಎನ್ನುತ್ತಾಳೆ ಅವಳು.

ಗಿರಣಿ ಮುಂಡಗೋಡದಲ್ಲಿ ಬಹಳ ವರ್ಷ ನಡೆಯಿತು. ನಾನು ಲಾ ಓದಲಿಲ್ಲ, ಶಾಲಾ ಮಾಸ್ತರನಾದೆ. ಅಪ್ಪ ತೀರಿಕೊಳ್ಳುವ ತನಕ ಆ ತೆರಿಗೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಅಜ್ಞಾನದಿಂದ ಹಾಗೆ ಹೇಳಿದೆನೋ, ಆ ಹಣ ಪೋಸ್ಟಿನಲ್ಲೇ ಉಳಿಯಲಿ ಎಂದು ಹೇಳಿದೆನೋ, ಇದಕ್ಕೆ ಸಾಕ್ಷಿ ಹೇಳಬಲ್ಲವನು ನಾನೊಬ್ಬನೇ. ಆ ಸಾಕ್ಷಿ ನಂಬಲರ್ಹನಲ್ಲ.

ಒಂದನ್ನು ಮಾತ್ರ ನೋಡಬಹುದಿತ್ತು, ನೋಡಿದೆ. ಹತ್ತಾರು ವರ್ಷ ತಡವಾಗಿ ಆ ಅಳ್ನಾವರದ ಗಾಡಿ ಹತ್ತಿ ಧಾರವಾಡಕ್ಕೆ ಹೋಗಿ, ಪರಿಚಯದ ವಕೀಲರ ಕಪಾಟಿನಲ್ಲಿ ಅಂದಿನ ಆದಾಯ ತೆರಿಗೆ ಕಾಯ್ದೆಯನ್ನು ಹುಡುಕಿ ತೆಗೆದೆ. ನಾನು ಅರ್ಧ ಓದಿದ್ದ ಕಲಮು ಇತ್ತು. ಅದು ಹೆಂಡತಿಗೆ ಅಥವಾ ಅಪ್ರಾಪ್ತ ವಯಸ್ಸಿನ ಮಗುವಿಗೆ ಕೊಟ್ಟ ಆಸ್ತಿಯಿಂದ ಬರುವ ಉತ್ಪನ್ನದ ಬಗ್ಗೆ ಮಾತ್ರ ಹೇಳುತ್ತದೆ. ಅಕ್ಕನಿಗೆ ಆ ವರ್ಷ ಇಪ್ಪತ್ತೊಂಬತ್ತು. ಪ್ರಾಯಕ್ಕೆ ಬಂದ ಮಗಳಿಗೆ ಅಪ್ಪ ಕೊಡುವ ಹಣದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.