ಹನ್ನೊಂದು ಬಟ್ಟೆಯ ಉಂಡೆಗಳು

ಟಕ್. ಟಕ್ ಟಕ್. ಟಕ್.

ಹನ್ನೊಂದು ಮಕ್ಕಳು ಹನ್ನೊಂದು ಟ್ರಂಪೆಟ್‌ಗಳ ಕೀಗಳನ್ನು ಒಟ್ಟಿಗೆ ಒತ್ತುವ ಸದ್ದು. ಅಷ್ಟೇ ಸದ್ದು, ಸ್ವರವಿಲ್ಲ, ಉಸಿರಿಲ್ಲ. ಬಸವೇಶ್ವರನಗರದ ನಮ್ಮ ಶಾಲೆಯ ಹಿಂದಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಅವರು ಸಾಲಾಗಿ ನಿಂತು, ಕೆನ್ನೆ ಉಬ್ಬಿಸಿಕೊಂಡು, ಊದದೆ ಊದುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದರು. ಇವತ್ತಿಗೂ ಪಕ್ಕದ ಮನೆಯಲ್ಲಿ ಯಾರಾದರೂ ಗ್ಯಾಸ್ ಲೈಟರ್ ಒತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮಕ್ಕಳು ಡಮ್ಮಿಗಳು. ಆ ಮಾತನ್ನು ಅವರೆದುರಿಗೇ ಆಡುತ್ತಿದ್ದರು. "ಡಮ್ಮಿ ಲೈನ್, ಲೆಫ್ಟ್ ಟರ್ನ್!" ಮೌತ್‌ಪೀಸ್ ಕೂರುವ ಕೊಳವೆಯೊಳಗೆ ಕಡಲೆಕಾಳಿನಷ್ಟು ಬಟ್ಟೆಯ ಉಂಡೆ ತುರುಕಿದರೆ ಎಷ್ಟು ಊದಿದರೂ ಗಾಳಿ ಒಳಗೆ ಹೋಗುವುದಿಲ್ಲ. ಆ ಉಂಡೆಗಳನ್ನು ಮಾಡಿಕೊಟ್ಟವಳು ನಾನು. ನನ್ನ ಹಳೆಯ ಕಾಟನ್ ಸೀರೆಯೊಂದನ್ನು ಕತ್ತರಿಸಿ, ನೂಲು ಬಿಟ್ಟುಕೊಳ್ಳದಂತೆ ಸುತ್ತಲೂ ಸಣ್ಣ ಹೊಲಿಗೆ ಹಾಕಿ. ಕಾನ್ವೆಂಟಿನ ನೀಡಲ್‌ವರ್ಕ್ ಪೀರಿಯಡ್ಡಿನಲ್ಲಿ ಸಿಸ್ಟರ್ ನನ್ನ ಹೆಮ್ಮಿಂಗನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸುತ್ತಿದ್ದರು. ಆ ವಿದ್ಯೆ ಎಲ್ಲಿಗೆ ಬಂದು ಉಪಯೋಗವಾಯಿತು ನೋಡಿ.

ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದ ಮೇಲೂ ಮ್ಯಾನೇಜ್‌ಮೆಂಟಿನವರು ನನ್ನನ್ನು ಬಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಪಿಯಾನೋ ಕಲಿತಿದ್ದೇನೆ ಎಂಬ ಒಂದೇ ಕಾರಣಕ್ಕೆ 'ಬ್ಯಾಂಡ್ ಇನ್‌ಚಾರ್ಜ್' ಮಾಡಿದರು. ಕಲಿಸುತ್ತಿದ್ದವರು ಮಾಸ್ಟ್ರು. ಬಿನ್ನಿಪೇಟೆಯವರು, ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ನುಡಿಸಿ ಬೆಳೆದವರು. ಬರೆದ ನೊಟೇಶನ್ ಓದಲು ಬಾರದು, ಆದರೆ ಇಪ್ಪತ್ತೊಂಬತ್ತು ಮಕ್ಕಳು ಒಟ್ಟಿಗೆ ನುಡಿಸುವಾಗ ಯಾರ ತುಟಿ ಸೋತಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಅವರಿಗಿದ್ದದ್ದು ಒಂದೇ ನಿಯಮ: ವಾದ್ಯ ಹಿಡಿದ ಮಗು ಸದ್ದು ಮಾಡಲೇಬೇಕು. ಕೆಟ್ಟ ಸದ್ದಾದರೂ ಸರಿ.

ಇಂಡಿಪೆಂಡೆನ್ಸ್ ಡೇ, ಸ್ಪೋರ್ಟ್ಸ್ ಡೇ ಎಂದು ನಾವು ನಮ್ಮ ಪಾಡಿಗೆ ಇದ್ದೆವು. ಆಗ ಬಂತು ಈ ಸ್ಕೂಲ್ ಬ್ಯಾಂಡ್ ಸ್ಪರ್ಧೆಗಳ ಸರ್ಕ್ಯೂಟ್. ಮೊದಲು ಝೋನಲ್, ಆಮೇಲೆ ಸ್ಟೇಟ್, ಕೊನೆಗೆ ಗ್ರ್ಯಾಂಡ್ ಫಿನಾಲೆ. ಪ್ರತಿ ಸುತ್ತಿಗೂ ಪ್ರವೇಶ ಶುಲ್ಕ, ಪ್ರತಿ ಸುತ್ತಿಗೂ ಮುಂಚೆ ಕಡ್ಡಾಯ ವರ್ಕ್‌ಶಾಪ್, ಯೂನಿಫಾರ್ಮು ಅವರು ಹೇಳಿದ ಅಂಗಡಿಯಲ್ಲೇ. ಒಂದು ಸುತ್ತಿನಲ್ಲಿ ಜಡ್ಜ್ ಆಗಿ ಕುಳಿತವನು ಮುಂದಿನ ಸುತ್ತಿನಲ್ಲಿ ಯಾವುದೋ ಶಾಲೆಯ ಕೋಚ್. ಬರಿಗೈಲಿ ಹೋಗುವವರು ಯಾರೂ ಇಲ್ಲ. ಟೋಪಿಯ ಗರಿಗೂ ಒಂದು ಟ್ರೋಫಿ! ಗೇಟಿನ ಮೇಲೆ ಬ್ಯಾನರ್ ಕಟ್ಟಲು ಅಷ್ಟು ಸಾಕು, ಅಡ್ಮಿಷನ್ ಸೀಸನ್ ಮುಗಿಯುವ ತನಕ. ಇದಕ್ಕೆ ಸಂಗೀತ ಅನ್ನುತ್ತಾರೆ. ಶೇಮ್‌ಲೆಸ್ ಜನ.

ನಮಗೆ ಸಿಕ್ಕ ಕೋಚ್ ಕತ್ತಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಚುರುಕು ಹುಡುಗ. ಮೊದಲ ದಿನವೇ ಮಕ್ಕಳ ತಲೆ ಎಣಿಸಿದ.

"ಮ್ಯಾಮ್, ಟ್ವೆಂಟಿ-ನೈನ್ ಇದ್ರೆ ಸ್ಮಾಲ್ ಬ್ಯಾಂಡ್. ಅದನ್ನ ಯಾರೂ ನೋಡಲ್ಲ. ನಲವತ್ತು ಆದ್ರೆ ಬಿಗ್ ಕೆಟಗರಿ."

"ಇನ್ನು ಹನ್ನೊಂದು ಮಕ್ಕಳನ್ನ ಎರಡು ತಿಂಗಳಲ್ಲಿ ತಯಾರು ಮಾಡೋಕಾಗಲ್ಲ ಸಾರ್," ಎಂದರು ಮಾಸ್ಟ್ರು.

"ತಯಾರು ಮಾಡು ಅಂತ ಯಾರಂದ್ರು ಅಣ್ಣ? ನಿಲ್ಸಿ ಸಾಕು. ವಿಶುವಲ್‌ಗೆ ಮಾರ್ಕ್ಸ್ ಜಾಸ್ತಿ."

ಮಾಸ್ಟ್ರು ನನ್ನ ಮುಖ ನೋಡಿದರು. ನಾನು ಪಕ್ಕದಲ್ಲಿದ್ದ ಶಾಲೆಯ ಸೆಕ್ರೆಟರಿಯವರ ಮುಖ ನೋಡಿದೆ. ಅವರಾಗಲೇ ಬ್ಯಾನರಿನ ಅಳತೆ ಯೋಚಿಸುತ್ತಿದ್ದರು. ಉಂಡೆಗಳನ್ನು ಮುಟ್ಟುವುದಿಲ್ಲ ಎಂದು ಮಾಸ್ಟ್ರು ಕೈಕಟ್ಟಿ ನಿಂತದ್ದರಿಂದಲೇ ಆ ಕೆಲಸ ನನಗೆ ಬಂದದ್ದು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ.

ಹನ್ನೊಂದರಲ್ಲಿ ಒಬ್ಬಳು ಎಂಟನೇ ಕ್ಲಾಸಿನ ಉದ್ದನೆಯ ಹುಡುಗಿ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಅಂಗಡಿ ಇಟ್ಟವರ ಮಗಳು. ಎತ್ತರ ಚೆನ್ನಾಗಿದೆಯೆಂದು ಕೋಚ್ ಅವಳನ್ನು ಸಾಲಿನ ತುದಿಗೆ ನಿಲ್ಲಿಸಿದ್ದ. ಊಟದ ಬಿಡುವಿನಲ್ಲಿ ಅವಳು ಸೈಕಲ್ ಸ್ಟ್ಯಾಂಡಿನ ಹಿಂದೆ ಮಾಸ್ಟ್ರ ಹತ್ತಿರ ಉಂಡೆಯಿಲ್ಲದ ಟ್ರಂಪೆಟ್ ಊದುತ್ತಿದ್ದುದನ್ನು ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಕೇಳುತ್ತಿದ್ದೆ. ಮೊದಲ ವಾರ ಎಮ್ಮೆ ಕೂಗಿದಂತೆ. ಆಮೇಲೆ ಸ್ವಲ್ಪ ಸ್ವಲ್ಪ ಹಾಡಿನಂತೆ.

"ನನಗ್ಯಾವಾಗ ಮಿಸ್ ಉಂಡೆ ತೆಗೀತೀರಾ?" ಎಂದು ಒಂದು ದಿನ ಕೇಳಿದಳು.

"ಮುಂದಿನ ವರ್ಷ ಪುಟ್ಟಾ," ಎಂದೆ. ಮುಂದಿನ ವರ್ಷವೂ ನಲವತ್ತು ಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು.

ಫಿನಾಲೆ ಕೆಂಗೇರಿ ಉಪನಗರದ ಆಚೆ, ಬಾಡಿಗೆಗೆ ಕೊಡುವ ಒಂದು ಮೈದಾನದಲ್ಲಿ. ಮಕ್ಕಳನ್ನು ಬೆಳಗ್ಗೆ ಏಳಕ್ಕೆ ಕರೆತಂದು, ಉಣ್ಣೆ ಕೋಟು ತೊಡಿಸಿ, ಮಧ್ಯಾಹ್ನ ಒಂದೂವರೆಯ ತನಕ ಬಿಸಿಲಿನಲ್ಲಿ ನಿಲ್ಲಿಸಿದರು. ಶಾಮಿಯಾನದ ನೆರಳೆಲ್ಲ ಸ್ಟಾಲುಗಳಿಗೆ ಮತ್ತು ಅತಿಥಿಗಳಿಗೆ. ನಮ್ಮ ಸರದಿ ಎಂಟು ನಿಮಿಷ. ಹೇಗೆ ನುಡಿಸಿದರೋ ನನಗೆ ಸರಿಯಾಗಿ ತಿಳಿಯಲಿಲ್ಲ; ಒಂದು ಕಡೆ ಮಾತ್ರ ಯಾವುದೋ ಟ್ರಂಪೆಟ್ ಅರ್ಧ ಮಾತ್ರೆ ಮುಂಚೆ ಹೊರಟಂತಾಯಿತು. ಪಕ್ಕದಲ್ಲಿದ್ದ ಮಾಸ್ಟ್ರು ತಟ್ಟನೆ ಕಣ್ಣು ಮುಚ್ಚಿಕೊಂಡರು.

ಮೈದಾನದಿಂದ ಹೊರಗೆ ಬಂದ ಹುಡುಗಿ ಸೀದಾ ನನ್ನ ಬಳಿಗೆ ಬಂದು ಕೈ ಬಿಡಿಸಿದಳು. ಅಂಗೈಯಲ್ಲಿ ಉಂಡೆ, ಒದ್ದೆಯಾಗಿತ್ತು.

"ಯಾರು ಹೇಳಿದ್ರೇ ಊದು ಅಂತ?"

"ಯಾರೂ ಇಲ್ಲ ಮಿಸ್. ತಡೆಯೋಕಾಗ್ಲಿಲ್ಲ."

ಮುಖ ಕೆಂಪಾಗಿತ್ತು, ತುಟಿ ಊದಿಕೊಂಡಿತ್ತು, ನಗುತ್ತಿದ್ದಳು. ಆ ಉಂಡೆಯನ್ನು ನಾನು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡೆ.

ನಮಗೆ ಸೆಕೆಂಡ್ ಬಂತು. ಮಾರನೆಯ ದಿನ ಸೆಕ್ರೆಟರಿಯವರ ರೂಮಿನಲ್ಲಿ ಕೋಚ್ ತನ್ನ ಫೋನಿನ ವಿಡಿಯೋವನ್ನು ಮೂರು ಸಲ ತೋರಿಸಿದ. "ಕೇಳಿ ಸಾರ್, ಇಲ್ಲಿ. ಡಮ್ಮಿ ಲೈನಲ್ಲಿ ಯಾರೋ ಊದಿದಾರೆ. ಫಸ್ಟ್ ಪ್ಲೇಸ್ ಹೋಗಿದ್ದೇ ಇದ್ರಿಂದ. ಆ ಮಗು ಯಾರು ಅಂತ ಹೇಳಿ, ಬ್ಯಾಂಡಿಂದ ತೆಗೆದುಬಿಡೋಣ."

ನನ್ನ ಮಡಿಲಲ್ಲೇ ಹ್ಯಾಂಡ್‌ಬ್ಯಾಗು. ಮಾಸ್ಟ್ರು ಎದ್ದು ನಿಂತರು.

"ಮಗು ಯಾವ್ದು ಅಂತ ಕೇಳ್ಬೇಡಿ ಸಾರ್. ಊದು ಅಂದಿದ್ದು ನಾನು."

ಸುಳ್ಳು. ಅದು ಸುಳ್ಳೆಂದು ಆ ರೂಮಿನಲ್ಲಿ ಅವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಲು ಹುಡುಗಿಯ ಹೆಸರೆತ್ತಬೇಕಿರಲಿಲ್ಲ. ಉಂಡೆ ಸರಿಯಾಗಿ ಕೂರಿಸಿರಲಿಲ್ಲ, ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಈ ವಯಸ್ಸಿನಲ್ಲಿ ನನ್ನನ್ನು ಏನು ಮಾಡುತ್ತಿದ್ದರು? ಮನೆಗೆ ಕಳಿಸುತ್ತಿದ್ದರು. ಆದರೆ ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿಗೆ ಯಾವ ಉಂಡೆಯನ್ನೂ ಯಾರೂ ತುರುಕಿರಲಿಲ್ಲ.

"ಮಾಸ್ಟ್ರನ್ನ ತೆಗೆಯೋ ಲೆಟರ್ ನೀವೇ ಡ್ರಾಫ್ಟ್ ಮಾಡಿಬಿಡಿ ಮಿಸ್, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ," ಎಂದರು ಸೆಕ್ರೆಟರಿ, ಮಾಸ್ಟ್ರು ಹೊರಗೆ ಹೋದ ಮೇಲೆ. ಮಾಡಿದೆ. 'ವಿಷಾದದಿಂದ ತಿಳಿಸುತ್ತೇವೆ' ಎಂದು ಆರಂಭವಾಗಿ, 'ನಿಮ್ಮ ದೀರ್ಘ ಸೇವೆಗೆ ಕೃತಜ್ಞತೆಗಳು' ಎಂದು ಮುಗಿಯುವ ಮೂರು ಪ್ಯಾರಾಗಳು. ಕಾಮಾಗಳನ್ನು ಕೂಡ ಎರಡು ಸಲ ನೋಡಿದೆ.

ಆ ವರ್ಷವೇ ನಾನೂ ಬಿಟ್ಟೆ. ಕೋಪದಿಂದ ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬಿಡುವುದು ಅಷ್ಟು ಸುಲಭವಾಗಿದ್ದಾಗ, ಆವತ್ತೇ ಬಿಟ್ಟಿದ್ದರೆ ಏನಾಗುತ್ತಿತ್ತು?

ಮಾಸ್ಟ್ರನ್ನು ಕೊನೆಯ ಸಲ ನೋಡಿದ್ದು ವಿಜಯನಗರದ ಒಂದು ಕಲ್ಯಾಣ ಮಂಟಪದ ಮುಂದೆ, ಸಂಜೆ. ನಾನು ಹೆಣ್ಣಿನ ಕಡೆಯಿಂದ ಒಂದು ಮದುವೆಗೆ ಹೋಗಿದ್ದೆ. ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ಕಾಂಪೌಂಡಿನ ಮೇಲೆ ಕೆಂಪು ಕೋಟಿನವರು ಸಾಲಾಗಿ ಕುಳಿತು ಟೀ ಕುಡಿಯುತ್ತಿದ್ದರು. ಅವರಲ್ಲೊಬ್ಬರು ಎದ್ದು, ಲೋಟವನ್ನು ಎಡಗೈಗೆ ಬದಲಾಯಿಸಿ, ನಮಸ್ಕಾರ ಮಾಡಿದರು.

"ಚೆನ್ನಾಗಿದೀರಾ ಮಿಸ್? ಮಂಡಿ ನೋವು ಹೆಂಗಿದೆ?"

"ಇದೆ ಮಾಸ್ಟ್ರೆ, ಹಾಗೇ ಇದೆ."

"ಆ ಉದ್ದನ್ ಹುಡುಗಿ ಭಾನುವಾರ ಭಾನುವಾರ ಮನೇಗೆ ಬರ್ತಾಳೆ. ಈಗ ಚೆನ್ನಾಗಿ ಊದ್ತಾಳೆ. ಬೀದಿಯವ್ರೆಲ್ಲ ಬೈತಾರೆ," ಎಂದು ನಕ್ಕರು.

ನಾನು ಬಾಯಿ ತೆರೆದೆ. ಎಲ್ಲಿಂದ ಆರಂಭಿಸಬೇಕೆಂದು ಹುಡುಕುತ್ತಿದ್ದೆ.

"ಆ ಲೆಟರ್ ಬಂತಲ್ಲ ಮಿಸ್, ನಂಗೆ ಇಂಗ್ಲಿಷ್ ಓದೋಕ್ ಬರಲ್ವಲ್ಲ, ಮಗಳು ಓದಿ ಹೇಳಿದ್ಲು. ಎಷ್ಟು ಚೆನ್ನಾಗಿ ಬರ್ದಿದಾರಪ್ಪಾ ಅಂದ್ಲು. ಆವಾಗ್ಲೇ ಗೊತ್ತಾಯ್ತು ನಂಗೆ, ನೀವೇ ಬರ್ದಿದ್ದು ಅಂತ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಹೂವಿನ ಕಾರು ಕಾಣಿಸಿತು. "ಬರ್ತೀನಿ ಮಿಸ್," ಎಂದು ಲೋಟವನ್ನು ನನ್ನ ಕೈಗೇ ಕೊಟ್ಟು, ಟೋಪಿ ಸರಿಮಾಡಿಕೊಂಡು ಹೊರಟರು. ಕ್ಲಾರಿನೆಟ್ ಎತ್ತಿದರು, ಕೆನ್ನೆಗಳು ತುಂಬಿದವು, ಸದ್ದು ಬಂತು.