ಬಾಡಿಗೆ ಇಳಿಸಿಕೊಳ್ಳಲು ಕಾಂಗೇಯಕ್ಕೆ ಹೋದದ್ದು

ಎಂಬತ್ತರ ದಶಕದ ನಡುವಿನ ಮಾತು. ತಿರುಪ್ಪೂರಿನಲ್ಲಿ ನಾವಿದ್ದ ಹೆಂಚಿನ ಮನೆಯ ಮೂರು ವರ್ಷದ ಕರಾರು ಮುಗಿಯುತ್ತ ಬಂದಿತ್ತು. ಹೊಸ ಕರಾರು ಬರೆಯುವ ಮೊದಲು ಬಾಡಿಗೆ ಇಳಿಸಿಕೊಳ್ಳಲೇಬೇಕೆಂದು ನನ್ನ ಅತ್ತೆ ಹಟ ಹಿಡಿದರು. ಕಾರಣವೂ ಇತ್ತು. ಮೇಲಿನ ಬೀದಿಗೆ ಬಟ್ಟೆಗೆ ಬಣ್ಣ ಹಾಕುವವರು ಬಂದ ಮೇಲೆ ನಮ್ಮ ಹಿತ್ತಿಲ ಬಾವಿ ಕೆಟ್ಟುಹೋಗಿತ್ತು. ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಬಿಳಿ ಪಂಚೆ ಒಗೆದರೆ ನಸುಗೆಂಪಾಗುತ್ತಿತ್ತು. ನನ್ನ ಗಂಡನಿಗೆ ಬನಿಯನ್ ಕಂಪನಿಯಲ್ಲಿ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಅವರ ಬಾಯಿಂದ ‘ಇಳಿಸಿ’ ಎಂಬ ಮಾತು ಹೊರಡುತ್ತಿರಲಿಲ್ಲ. ಹಾಗಾಗಿ ಅತ್ತೆಯೂ ನಾನೂ ಕಾಂಗೇಯಂ ಬಸ್ಸು ಹತ್ತಿದೆವು.

ಮನೆಯ ಮಾಲೀಕರಿಗೆ ಅಲ್ಲಿ ಎಣ್ಣೆ ಮಿಲ್ಲು. ತಿಂಗಳಿಗೊಮ್ಮೆ ಬಂದು ನಮ್ಮ ಜಗಲಿಯ ಮೇಲೆ ಕೂತು, ತಮಿಳಿನಲ್ಲಿ ನಾಲ್ಕು ಮಾತಾಡಿ, ಬಾಡಿಗೆ ಇಸಿದುಕೊಂಡು ಹೋಗುವ ವಯಸ್ಸಾದವರು. ಅವರ ಮನೆಗೆ ನಾವು ಹೋದದ್ದು ಅದೇ ಮೊದಲು. ಅಂಗಳದ ತುಂಬ ಕೊಬ್ಬರಿ ಒಣಗುತ್ತಿತ್ತು.

ನಾವು ನೇಯ್ಗೆಯ ಮನೆತನದ ಕನ್ನಡದವರು. ಹೊಸಿಲು ದಾಟಿದರೆ ತಮಿಳು. ಹೊರಗಿನವರ ಎದುರಲ್ಲೇ ಗುಟ್ಟು ಹೇಳಲು ಕನ್ನಡ ಅನುಕೂಲವಾಗಿತ್ತು.

“ಈಗ ನೂರೆಪ್ಪತ್ತೈದು. ಎಷ್ಟಕ್ಕೆ ಇಳಿಸಲಿ, ಅಮ್ಮಿಣಿ?” ಎಂದು, ನಾವು ಬಂದ ಕಾರಣ ತಿಳಿದ ಅವರು, ಮಗಳನ್ನು ಕರೆಯುವಂತೆ ತಮಿಳಿನಲ್ಲಿ ನನ್ನನ್ನು ಕೇಳಿದರು.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ನೂರಿಪ್ಪತ್ತೈದು ಅನ್ನು. ಜಗ್ಗಲ್ಲ ಅಂದ್ರೆ ನೂರೈವತ್ತಕ್ಕೆ ಸರಿ ಅನ್ನು. ಬಾವಿ ವಿಷ್ಯ ಜೋರಾಗ್ ಹೇಳು, ಮುದುಕಂಗೆ ಕಿವಿ ಮಂದ ಇರ್ಬೇಕು.”

ನಾನು ತಮಿಳಿನಲ್ಲಿ ಬಾವಿಯ ಕಥೆಯನ್ನೂ ಬೇಳೆಯ ಕಥೆಯನ್ನೂ ಜೋರಾಗಿ ಹೇಳಿ ನೂರಿಪ್ಪತ್ತೈದು ಕೇಳಿದೆ. ಅವರು ಹೋದ ವರ್ಷ ಬದಲಾಯಿಸಿದ ಹೆಂಚಿನ ಮಾತೆತ್ತಿದರು, ಮೊಣಕಾಲು ಸವರಿಕೊಂಡರು. ಆಮೇಲೆ, “ನೂರನಲವತ್ತು ಕೊಡಿ” ಎಂದರು.

ಒಪ್ಪುವುದೋ ಇನ್ನೂ ಎಳೆಯುವುದೋ ತಿಳಿಯದೆ ನಾನು ಅತ್ತೆಯ ಮುಖ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ, ಅಚ್ಚ ಕನ್ನಡದಲ್ಲಿ: “ಏನೂಂದ್ರೆ, ಬಂದವ್ರಿಗೆ ಕಾಪಿ ಕೊಡ್ಲಾ, ಮಜ್ಜಿಗೆನಾ?”

“ಮಜ್ಜಿಗೆನೇ ತಾ” ಎಂದು ಅವರೂ ಕನ್ನಡದಲ್ಲೇ ಕೂಗಿ ಹೇಳಿ, ನಮ್ಮ ಕಡೆ ತಿರುಗಿ ಮತ್ತೆ ತಮಿಳಿನಲ್ಲಿ ಕರಾರಿನ ಮಾತು ಮುಂದುವರಿಸಿದರು.

ಅತ್ತೆ ಸೆರಗು ಹೊದ್ದುಕೊಂಡು ನೆಲ ನೋಡುತ್ತ ಕೂತರು. ಮೂರು ವರ್ಷ ಆ ಮನುಷ್ಯನ ಎದುರೇ “ಬಂದ ನೋಡು ವಸೂಲಿಗೆ”, “ಕಾಪಿಗೆ ಹಾಲು ಕಮ್ಮಿ ಹಾಕು” ಎಂದೆಲ್ಲ ಅಂದದ್ದು ನನಗೂ ಒಂದೊಂದಾಗಿ ನೆನಪಿಗೆ ಬಂತು. ನೂರನಲವತ್ತಕ್ಕೆ ಒಪ್ಪಿ, ಮಜ್ಜಿಗೆ ಹೇಗೆ ಕುಡಿದು ಹೊರಟೆವೋ ಗೊತ್ತಿಲ್ಲ.

ಬಸ್ಸಿನಲ್ಲಿ ಅತ್ತೆ ಕೇಳಿದರು: “ನಾವ್ ಅಂದಿದ್ದು ತಿಳೀತು ಅಂತೀಯಾ?”

“ತಿಳಿದಿದ್ರೆ ನೂರೈವತ್ತಕ್ಕೇ ನಿಲ್ಲಬೋದಿತ್ತಲ್ಲ ಅತ್ತೆ.”

“ಕನ್ನಡದವನಿಗೆ ತಿಳೀದೇ ಇರುತ್ತಾ? ತಿಳಿದೂ ಹತ್ತು ರೂಪಾಯಿ ಯಾಕ್ ಬಿಟ್ಟ?”

ರಾತ್ರಿ ಗಂಡನ ಮುಂದೆ ಎಲ್ಲ ಹೇಳಿದೆವು. ನಮ್ಮ ಮಾತಿನವರೆಂಬ ಅಕ್ಕರೆ ಎಂದು ಗಂಡ ಹೇಳಿದರು. ನಮಗೆ ನಾಚಿಕೆಯಾಗಲೆಂದೇ ಬಿಟ್ಟಿದ್ದು ಎಂದರು ಅತ್ತೆ. ನನಗೆ ಎರಡೂ ನಿಜವೆನಿಸುತ್ತಿತ್ತು, ಮರುಗಳಿಗೆ ಎರಡೂ ಸುಳ್ಳೆನಿಸುತ್ತಿತ್ತು.

ಮುಂದಿನ ತಿಂಗಳು ಅವರು ಬಂದಾಗ ಅತ್ತೆ ಬಾಗಿಲಿಗೇ ಹೋಗಿ, “ಬನ್ನಿ, ಕುಂತ್ಕೊಳ್ಳಿ” ಎಂದು ಕನ್ನಡದಲ್ಲಿ ಕರೆದರು. ಅವರು ಕೂತು, ಬಾವಿ ಈಗ ಹೇಗಿದೆ ಎಂದು ತಮಿಳಿನಲ್ಲಿ ವಿಚಾರಿಸಿದರು. ಮೂರು ತಿಂಗಳು ಪ್ರಯತ್ನಿಸಿ ಅತ್ತೆಯೂ ತಮಿಳಿಗೇ ಮರಳಿದರು.

ಎರಡು ವರ್ಷದ ನಂತರ ನಾವು ಬೇರೆ ಕಡೆ ಹೊರಟೆವು. ಬೀಗದ ಕೈ ಕೊಡುವಾಗ ನಾನು ಧೈರ್ಯ ಮಾಡಿ ಕನ್ನಡದಲ್ಲಿ ಕೇಳಿಯೇಬಿಟ್ಟೆ: “ಅವತ್ತು ಯಾಕೆ ನೂರನಲವತ್ತು ಅಂದ್ರಿ?”

“ಯಾವತ್ತು?” ಎಂದರು ಅವರು, ತಮಿಳಿನಲ್ಲಿ.

ನಿಜವಾಗಿಯೂ ಮರೆತಿದ್ದರೋ ಇಲ್ಲವೋ, ಆ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಹೊರಗೆ ಸಾಮಾನಿನ ಗಾಡಿ ಕಾಯುತ್ತಿತ್ತು. ನಾನು ಕೈಮುಗಿದು ಹೊರಟೆ.